ಸ್ಪೀಕರ್ ಟೆಸ್ಟಿಗೆ ಹಾಕಿದ ಹಾಡು

ಜೋಗಿಮಟ್ಟಿಯ ಗಾಳಿಯಂತ್ರಕ್ಕೆ
ರೆಕ್ಕೆ ರಿಪೇರಿಗೆಂದು ಬಂದವಳು ಜಂದೀರಾ.
ಸಂತೆಪೇಟೆಯ ನನ್ನ ಅಂಗಡಿಗೆ ಮೊದಲು ಬಂದದ್ದು
ಅವಳ ಒಡೆದ ಫೋನು.
ಗಾಜು ಕೂರಿಸಿ, ಅಂಟು ಒತ್ತಿ,
ಸ್ಪೀಕರ್ ನೋಡೋಣವೆಂದು ಒಂದು ಹಾಡು ಮುಟ್ಟಿದೆ.

ಏನೋ ಜಲ್ಲು ಜಲ್ಲು, ಹಿಂದೆ ದೊಡ್ಡ ಡೋಲು,
ನಡುವೆ ಒಂದು ದನಿ:
ನಾಯಿಮರಿ ಕುಂಯ್ಗುಟ್ಟಿದ ಹಾಗೆ,
ಸಾವಿನ ಮನೆಯಲ್ಲಿ ಯಾರೋ ನಗು ತಡೆದ ಹಾಗೆ.

ಸ್ಪೀಕರ್ ಹೋಗೈತೆ, ಅಂದೆ.

ಬಟನ್ ಫೋನಿಗೆ ಕಾದು ಸ್ಟೂಲಲ್ಲಿ ತೂಕಡಿಸುತ್ತಿದ್ದ
ಉರುಮೆ ಪಾಲಯ್ಯ ಕತ್ತೆತ್ತಿದ.
"ಹೋಗಿಲ್ಲ ಕಣೋ ಮುನೀರ.
ಅದು ಬಡಿಯೋದಲ್ಲ.
ಉಜ್ಜೋದು."

ಭಾನುವಾರ ಅವಳು ಬಂದಳು, ಮೊಣಕೈಗೆ ಗ್ರೀಸು.
ನಮ್ಮಿಬ್ಬರದೂ ಅರೆಬರೆ ಇಂಗ್ಲಿಷು,
ಪಾಲಯ್ಯನಿಗೆ ಅದೂ ಇಲ್ಲ; ಕೈ ಇತ್ತು.
ಗಾಳಿಯಲ್ಲೇ ಉಜ್ಜಿ ತೋರಿಸಿದ.
"ಕುಯೀಕಾ!" ಕಿರುಚಿಯೇಬಿಟ್ಟಳು.
ಕಡ್ಡಿ ಡೋಲಿನ ಹೊಟ್ಟೆಯೊಳಗೇ ಇರುತ್ತದಂತೆ,
ಒದ್ದೆ ಬಟ್ಟೆಯಲ್ಲಿ ಹಿಡಿದು ಜಗ್ಗಬೇಕಂತೆ.
"ಒಳಗಿಂದಾನಾ?" ಪಾಲಯ್ಯನಿಗೆ ಹೊಟ್ಟೆಕಿಚ್ಚು.
"ನಮ್ದು ಹೊರಗಿಂದ. ಹರಳೆಣ್ಣೆ, ಬಾಗಿದ ಕಡ್ಡಿ."

ಆಮೇಲೆ ಅವಳು ಹೇಳಿದ್ದನ್ನು
ನನಗೆ ತಿಳಿದಷ್ಟು ಕನ್ನಡ ಮಾಡಿದೆ.
ಹಡಗಿನ ತಳದಲ್ಲಿ ಸರಪಳಿ ಹಾಕಿ ತಂದ ಜನ,
ಕೈಯಲ್ಲಿ ಏನೂ ಇಲ್ಲ,
ಯಾವ ಪೆಟ್ಟಾದ ಮೇಲೆ ಯಾವ ಪೆಟ್ಟು
ಅನ್ನುವುದು ಕೈಯೊಳಗಿತ್ತು.
ಆ ನೆಲದ ಮರ ಕೊರೆದರು, ಆ ನೆಲದ ಚರ್ಮ ಬಿಗಿದರು.
ಅಲ್ಲಿಯ ಮೂಲದವರ ಸೋರೆಬುರುಡೆಯ ಬೀಜ ಜೊತೆಗೂಡಿತು,
ಧಣಿಯ ಮನೆಯ ತಂತಿವಾದ್ಯವೂ ಒಂದಿನ
ಅಡುಗೆಮನೆ ಬಾಗಿಲಿಂದ ಅಂಗಳಕ್ಕಿಳಿಯಿತು.
ದೇವರ ಕರೆಯುವ ಡೋಲಿಗೆ ಈಗಲೂ ಎಡೆ ಇಡುತ್ತಾರೆ.
"ಧೂಪ?" ಎಂದ ಪಾಲಯ್ಯ.
ನಾನು ಪಕ್ಕದಂಗಡಿಯ ಹೊಗೆ ತೋರಿಸಿದೆ.
ಅದೂ ಉಂಟಂತೆ.

ಡೋಲು ಹೊತ್ತವನ ಪೊಲೀಸರು ಹಿಡಿದ ಕಾಲವಿತ್ತಂತೆ.
ಡೋಲಿಲ್ಲದ ಕಡೆ ಬೆಂಕಿಪೊಟ್ಟಣ, ಬಾಣಲೆ,
ಪಿಂಗಾಣಿ ತಟ್ಟೆಗೆ ಚಾಕು ಗೀರಿ ಸಾಂಬಾ.
ಪಾಲಯ್ಯ ಕೇಳಿದ: "ಹಿಡಿದೋರು ಈಗ?"
"ಅವರ ಮೊಮ್ಮಕ್ಕಳು ಟಿಕೆಟ್ ಕೊಂಡು ಕುಣೀತಾರೆ."
ಅವನು ನಕ್ಕ. ಆ ನಗುವೂ ಉಜ್ಜಿದಂತಿತ್ತು.
"ನಮ್ಮುರುಮೆ ಗುಡಿ ಹೊರಗೇ ನಿಲ್ತದೆ.
ದೇವರು ಕೇಳೋದು ಮಾತ್ರ ನಿಂತಿಲ್ಲ."

ಅವಳು ಬೇರೆ ಬೇರೆ ಹಾಡು ಹಾಕಿದಳು.
ಒಂದಕ್ಕೆ "ಅಳು" ಅಂತಲೇ ಹೆಸರಂತೆ,
ಕೊಳಲು ಮಾತ್ರ ಮೇಕೆಮರಿಯಂತೆ ನೆಗೆಯುತ್ತಿತ್ತು.
ಇನ್ನೊಂದು, ಪಕ್ಕದ ಮನೆಯವರು ಎದ್ದಾರೆಂಬಂತೆ
ಗಿಟಾರಿನ ಕಿವಿಯಲ್ಲಷ್ಟೇ ಹಾಡಿದ್ದು;
ಪಾಲಯ್ಯನಿಗೆ ಅದು ಹಿಡಿಸಲಿಲ್ಲ. ಜ್ವರ ಬಂದೈತೇನೋ, ಅಂದ.
ಕೊನೆಯದು ಅವಳೂರಿನದು: ಕೆಂಪುನೆಲ, ಪಾಪಾಸುಕಳ್ಳಿ,
ಹಾರ್ಮೋನಿಯಂಗೆ ಎದೆಗೆ ಕಟ್ಟುವ ತಂಗಿಯಿದ್ದಂತೆ ಒಂದು ಪೆಟ್ಟಿಗೆ.
ಅಂಗಡಿ ಮುಂದಿನ ಚಪ್ಪಡಿಯ ಮೇಲೆ
ಧೂಳೇಳದ ಹಾಗೆ ಕಾಲೆಳೆದು ಕುಣಿದು ತೋರಿಸಿದಳು.
ಆಟೋದವರು ಹಾರನ್ ಹೊಡೆದರು,
ತಾಳಕ್ಕೋ, ದಾರಿಗೋ.

ಬೇಯಿಸಿದ ಶೇಂಗಾ ತರಿಸಿದೆ.
"ಇದು ನಮ್ಮ ಕಡೆಯಿಂದ ಬಂದದ್ದು," ಅಂದಳು.
"ಏ, ಚಳ್ಳಕೆರೇದು!" ಪಾಲಯ್ಯ ಸಿಟ್ಟಾದ.
ಅವಳು ಫೋನಿನ ಹೊಸ ಗಾಜಲ್ಲಿ ನಕ್ಷೆ ತೆರೆದು
ಕಡಲ ಮೇಲೆ ಬೆರಳೆಳೆದಳು.
ಬಹಳ ಹೊತ್ತು ನೋಡಿದ.
ಸಿಪ್ಪೆ ಬಿಡಿಸಿದ ಕಾಳು ಬೆಂಕಿಪೊಟ್ಟಣಕ್ಕೆ ತುಂಬಿ
ಕಿವಿ ಹತ್ತಿರ ಅಲ್ಲಾಡಿಸಿದ.
"ಹಸಿ ಐತೆ. ಒಣಗಿದ್ರೆ ಮಾತಾಡ್ತದೆ."

ಯಂತ್ರ ತಿರುಗಿತು, ಅವಳು ಹೋದಳು.
ಪಾಲಯ್ಯನ ಬಟನ್ ಫೋನಿಗೆ ಆ ಕುಯೀಕಾ ಹಾಕಿಕೊಟ್ಟೆ.
ಬಸ್‌ಸ್ಟ್ಯಾಂಡಿನಲ್ಲಿ ಹೆಂಡತಿ ಫೋನು ಬಂದಾಗ
ಜನ ಅವನ ಜೇಬು ನೋಡುತ್ತಾರೆ,
ಮರಿ ಎಲ್ಲಿ ಸಿಕ್ತು ಅಂತ ಕೇಳುತ್ತಾರೆ.
ಅವನು ಬೇಗ ಎತ್ತುವುದಿಲ್ಲ.